ನಾಜೂಕಿನ ಮನೆಯ ಕೋಳಿ

ನಮ್ಮೂರಿನಲ್ಲಿ ಯಾರೂ ಯಾವ ಕೆಲಸವನ್ನೂ ತಾವೇ ಮುಗಿಸುವುದಿಲ್ಲ. ಸೋಮಾರಿಗಳು ಅಂದುಕೊಳ್ಳಬೇಡಿ. ನಮ್ಮಷ್ಟು ದುಡಿಯುವವರನ್ನು ಬೇರೆ ಕಡೆ ತೋರಿಸಿದರೆ ನನ್ನ ಕಿವಿಯ ಓಲೆ ಬಿಚ್ಚಿಕೊಡುತ್ತೇನೆ. ಹೂ ಕಟ್ಟುವವಳು ಕೊನೆಯ ಗಂಟನ್ನು ಹಾಕದೆ ಬಿಡುತ್ತಾಳೆ, ಬಡಗಿ ಕೊನೆಯ ಬೆಣೆಯನ್ನು ಹೊಡೆಯದೆ ಕೈಯಲ್ಲಿ ಹಿಡಿದು ಕೂರುತ್ತಾನೆ, ಗೋಡೆ ಕಟ್ಟುವವನು ಒಂದು ಇಟ್ಟಿಗೆಯ ಜಾಗ ಖಾಲಿ ಬಿಟ್ಟು ಬೀಡಿ ಹಚ್ಚುತ್ತಾನೆ. ಆಮೇಲೆ ಮಾತಿನ ಮನೆಯವರಿಗೆ ಹೇಳಿಕಳಿಸುತ್ತಾರೆ. ಮಾತಿನ ಮನೆಯವರು ಬಂದು, ನೋಡಿ, ಮುಟ್ಟಿ, ಕೆಲಸ ಹೇಗಾಗಿದೆ ಎಂದು ತಮ್ಮ ಮನೆಯ ಮಾತನ್ನು ಎಲ್ಲರೆದುರು ಹೇಳಬೇಕು. ಹೇಳಿದ ಮೇಲೆಯೇ ಗಂಟು, ಹೇಳಿದ ಮೇಲೆಯೇ ಬೆಣೆ. ಅಲ್ಲಿಯವರೆಗೆ ಮಾಲೆ ಮಾಲೆಯಲ್ಲ, ಗೋಡೆ ಗೋಡೆಯಲ್ಲ.

ಒಂದು ಮನೆಗೆ ಒಂದೇ ಮಾತು. ಹೊಗಳುವ ಮಾತಿನವರೆಲ್ಲ ಗುಡ್ಡದ ಮೇಲೆ ಶಹಬಾಸ್ ಬೀದಿಯಲ್ಲಿದ್ದಾರೆ: ಸೊಗಸಿನ ಮನೆ, ಅಚ್ಚುಕಟ್ಟಿನ ಮನೆ, ಹೀಗೆ. ಕಲ್ಲುಮೆಟ್ಟಿಲು ಇಳಿದರೆ ತೆಗಳುವ ಮಾತಿನವರ ಛೀಮಾರಿ ಬೀದಿ: ಬೇಕಾಬಿಟ್ಟಿ ಮನೆ, ಅಡ್ಡಾದಿಡ್ಡಿ ಮನೆ, ಭಯಂಕರದ ಮನೆ. ಕೆಲಸ ಕೆಟ್ಟಿದೆ ಅನ್ನಿಸಿದರೆ ಜನ ಕೆಳಗಿನವರನ್ನು ಕರೆಸುತ್ತಾರೆ. ಅವರು ಬಂದು "ಬೇಕಾಬಿಟ್ಟಿಯಾಗಿ" ಎಂದುಬಿಟ್ಟರೆ ಬಿಚ್ಚಿ ಮೊದಲಿನಿಂದ ಮಾಡಬೇಕು. ಅಡುಗೆಮನೆಯಲ್ಲಿ, ಸಂತೆಯಲ್ಲಿ, ಜಗಳದಲ್ಲಿ ಯಾರು ಯಾವ ಮಾತು ಬೇಕಾದರೂ ಆಡಿಕೊಳ್ಳಲಿ, ಅದಕ್ಕೆ ತಡೆಯಿಲ್ಲ. ಕೆಲಸದ ಮುಂದೆ ನಿಂತು ಹೇಳುವ ಬಾಯಿ ಮಾತ್ರ ಮಾತಿನ ಮನೆಯದೇ ಆಗಬೇಕು. ಹೇಳಿದ ಮಾತು ಕೆಲಸಕ್ಕೆ ಒಪ್ಪದಿದ್ದರೆ ಹೇಳಿದವರಿಗೆ ಬಿಕ್ಕಳಿಕೆ ಹಿಡಿಯುತ್ತದೆ. ಹೊತ್ತು ಮುಳುಗುವವರೆಗೂ ಬಿಡುವುದಿಲ್ಲ. ನೀರು ಕುಡಿಯಿರಿ, ಸಕ್ಕರೆ ತಿನ್ನಿ, ಉಸಿರು ಬಿಗಿಹಿಡಿಯಿರಿ, ಏನೂ ನಡೆಯದು. ಹಾಗಾಗಿ ನಮ್ಮೂರಿನಲ್ಲಿ ಮುಖಸ್ತುತಿ ಅನ್ನುವುದು ಬೆಳೆಯಲೇ ಇಲ್ಲ.

ಶಹಬಾಸ್ ಬೀದಿಯ ನಾವು ಊರೆಲ್ಲ ತಿರುಗುತ್ತಿದ್ದೆವು, ಛೀಮಾರಿ ಬೀದಿಗೆ ಮಾತ್ರ ಹೋಗುತ್ತಿರಲಿಲ್ಲ. ಹೋಗಬಾರದು ಎಂದು ಯಾರೂ ಹೇಳಿರಲಿಲ್ಲ. ಅವರು ಕರೆಯಲಿಲ್ಲ, ನಾವು ಹೋಗಲಿಲ್ಲ, ಅಷ್ಟೆ.

ನನ್ನ ಹೆಸರು ದೇವೀರಮ್ಮ. ನಮ್ಮದು ನಾಜೂಕಿನ ಮನೆ. ಈ ಮನೆಯಲ್ಲಿ ಮಾತು ಗಂಡಸರಿಗೆ ಬರುವುದಿಲ್ಲ, ಸೊಸೆಯರಿಗೆ ಬರುತ್ತದೆ. ನಮ್ಮ ಯಜಮಾನರು ಚಿಕ್ಕೀರಯ್ಯನವರು ಹುಟ್ಟಿದ್ದೇ ಈ ಮನೆಯಲ್ಲಾದರೂ ಅವರ ಕೈಗೆ ಒಂದು ಲೋಟ ಕಾಫಿ ಕೊಟ್ಟರೆ ಅದನ್ನು ಚೆಲ್ಲದೆ ಜಗಲಿಯವರೆಗೆ ತರಲಾರರು. ನಾನು ಮದುವೆಯಾಗಿ ಬಂದಾಗ ಅತ್ತೆ ನನ್ನನ್ನು ಕೂರಿಸಿಕೊಂಡು ಹೇಳಿದ್ದರು, "ನೋಡವ್ವ, ಸೊಗಸಾಗಿ ಅಂದ್ರೆ ಕಣ್ಣಿಗೆ ಚಂದ. ಅಚ್ಚುಕಟ್ಟಾಗಿ ಅಂದ್ರೆ ಅಳತೆಗೆ ಸರಿ. ನಾಜೂಕಾಗಿ ಅಂದ್ರೆ ಎರಡೂ ಸೇರಿ, ಮೇಲೊಂದಿಷ್ಟು ಮಮತೆ." ಎಳೆಕೂಸಿಗೆ ನೀರು ಹಾಕುವವಳ ಕೈಗೆ, ಬಸುರಿಗೆ ಬಳೆ ತೊಡಿಸುವ ಬಳೆಗಾರನ ಬೆರಳಿಗೆ, ಸಾವಿನ ಸುದ್ದಿಯನ್ನು ತಾಯಿಗೆ ತಿಳಿಸಿದವನ ನಾಲಿಗೆಗೆ ನಮ್ಮ ಮನೆಯ ಮಾತು ಸಲ್ಲುತ್ತಿತ್ತು. ನಾನು ಹೊರಟರೆ ಬೀದಿಯಲ್ಲಿ ಜನ ದಾರಿ ಬಿಡುತ್ತಿದ್ದರು. ನನಗೂ ಅದರಿಂದ ಸ್ವಲ್ಪ ಜಂಬ ಇತ್ತು, ಇರಲಿ ಬಿಡಿ, ಇದ್ದರೇನು?

ಆದರೆ ಕೆಲವು ವರ್ಷಗಳಿಂದ ಜನ ಆ ಮಾತನ್ನು ಏನೇನಕ್ಕೋ ಬಳಸುವುದು ನನ್ನ ಕಿವಿಗೆ ಬೀಳುತ್ತಿತ್ತು. ಸಂತೆಯಲ್ಲಿ ಒಬ್ಬ, "ತೂಕದಲ್ಲಿ ನಾಜೂಕಾಗಿ ಹೊಡೆದ ಕಣಯ್ಯ" ಅನ್ನುವನು. ಇನ್ನೊಬ್ಬಳು, "ಕೆಲಸ ಹೇಳಿದ್ದೇ ತಡ, ನಾಜೂಕಾಗಿ ಜಾರ್ಕೊಂಡ್ಲು" ಅನ್ನುವಳು. ನಾನು ನಿಂತು ಉಗಿಯುತ್ತಿದ್ದೆ. "ಏನಯ್ಯಾ, ಕಳ್ಳನಿಗೆ ನಮ್ಮ ಮನೆ ಮಾತೇ ಬೇಕಾಯ್ತಾ? ನಿಮ್ಮಪ್ಪನ ಮನೇದಾ ಅದು?" ಅವರು ನಗುತ್ತಿದ್ದರು. ಮಾರನೆಯ ದಿನ ಮತ್ತೆ ಹಾಗೆಯೇ. ಹಾಲಿಗೆ ಹುಳಿ ಬಿದ್ದರೆ ಬೈದರೆ ಸರಿಹೋಗುತ್ತದೆಯೇ?

ಹೀಗಿರುವಾಗ ಊರ ಯಜಮಾನರಾದ ಪುಟ್ಟಮಾದಪ್ಪನವರ ಮೊಮ್ಮಗಳಿಗೆ ತೊಟ್ಟಿಲಾಯಿತು. ಮಾಡಿದವನು ಕಾಳಾಚಾರಿ. ಅಂಥ ತೊಟ್ಟಿಲನ್ನು ನಾನು ಕಂಡಿಲ್ಲ. ಬೆರಳಲ್ಲಿ ತಳ್ಳಿದರೆ ಸಾಕು, ಸದ್ದಿಲ್ಲದೆ ತೂಗುತ್ತಿತ್ತು. ಕೂಸಿನ ಕೈ ತಾಗುವ ಕಡೆಯೆಲ್ಲ ಮರವನ್ನು ಕೆನ್ನೆಯ ಹಾಗೆ ನುಣ್ಣಗೆ ಮಾಡಿದ್ದ. ಕೊನೆಯ ಬೆಣೆ ಹಿಡಿದು ಅವನು ಮೂಲೆಯಲ್ಲಿ ಕೂತಿದ್ದ. ಅಂಗಳದ ತುಂಬ ಜನ. ನಾನು ಮುಟ್ಟಿ ನೋಡಿ, ಸೆರಗು ಸರಿ ಮಾಡಿಕೊಂಡು, ಅತ್ತೆ ಕಲಿಸಿದ ಹಾಗೆ ನಿಧಾನವಾಗಿ ಹೇಳಿದೆ, "ಕಾಳಾಚಾರಿ ಈ ತೊಟ್ಟಿಲನ್ನು ನಾಜೂಕಾಗಿ ಮಾಡಿದ್ದಾನೆ."

ಬಿಕ್!

ಇನ್ನೊಂದು, ಬಿಕ್! ಎಲ್ಲರ ಕಣ್ಣೂ ಕಾಳಾಚಾರಿಯ ಮೇಲೆ. ಪಾಪದವನ ಮುಖ ಬಿಳುಚಿಕೊಂಡಿತು. ಪುಟ್ಟಮಾದಪ್ಪನವರು ತೊಟ್ಟಿಲನ್ನು ಮಗುಚಿ ಹಾಕಿ ನೋಡಿದರು, ಕುಟ್ಟಿ ನೋಡಿದರು, ಮೂಸಿ ಕೂಡ ನೋಡಿದರು. ತೇಗವೇ. ಎಲ್ಲೂ ಬಿರುಕಿಲ್ಲ, ತೇಪೆಯಿಲ್ಲ. ಪಕ್ಕದ ಸೊಗಸಿನ ಮನೆಯ ಚಲುವಮ್ಮನನ್ನು ಕರೆದರು. ಅವಳು "ಸೊಗಸಾಗಿ" ಅಂದಳು, ಬಿಕ್ಕಳಿಸಲಿಲ್ಲ. ಕಾಳಾಚಾರಿ ಬೆಣೆ ಹೊಡೆದ. ಅಂದರೆ ತಪ್ಪು ತೊಟ್ಟಿಲಲ್ಲಿ ಇರಲಿಲ್ಲ. ನನ್ನ ಮಾತಿನಲ್ಲಿತ್ತು. ನಾನು ಬಿಕ್ಕುತ್ತಾ ಮನೆಗೆ ಬಂದೆ. ಜಗಲಿಯಲ್ಲಿ ಕೂತಿದ್ದ ನಮ್ಮ ಯಜಮಾನರು, "ಯಾರೋ ನೆನೆಸ್ಕೋತಾ ಇದಾರೆ ಅನ್ಸುತ್ತೆ, ಸ್ವರ್ಗದಲ್ಲಿರೋ ನಮ್ಮವ್ವನೇ ಇರ್ಬೇಕು" ಅಂದರು. ನಾನು ಆ ಹೊತ್ತು ಅವರಿಗೆ ಕಾಫಿ ಕೊಡಲಿಲ್ಲ.

ಆಮೇಲೆ ಎಲ್ಲಿ ಹೋದರೂ ಅದೇ ಪಾಡು. ಬಳೆಗಾರನ ಮುಂದೆ ಬಿಕ್, ಮಲ್ಲಿಗೆಯ ಜಡೆಯ ಮುಂದೆ ಬಿಕ್. ಒಂದು ದಿನ ಸಂತೆಯಲ್ಲಿ ತಕ್ಕಡಿಯ ಕೆಳಗೆ ಮೇಣ ಅಂಟಿಸಿದ್ದವನು ಸಿಕ್ಕಿಬಿದ್ದ. ಯಾರೋ ತಮಾಷೆಗೆ, "ದೇವೀರಮ್ನೋರೆ, ಇದಕ್ಕೊಂದ್ಸಾರಿ ಹೇಳಿ ನೋಡಿ" ಅಂದರು. ಹೇಳಿದೆ. ಬಿಕ್ಕಳಿಕೆ ಬರಲಿಲ್ಲ! ಜನ ಹೋ ಎಂದು ಚಪ್ಪಾಳೆ ತಟ್ಟಿದರು. ನನಗೆ ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು.

ಅದೇ ಕಾಲಕ್ಕೆ ಕೆಳಗಿನ ಬೀದಿಯ ಭಯಂಕರದ ಮನೆಯಲ್ಲಿ ಇನ್ನೊಂದು ಬಿಕ್ಕಳಿಕೆ ಶುರುವಾಗಿತ್ತು. ಆ ಮನೆಯ ಮುದ್ದಪ್ಪ ಇರುವೆ ಕಂಡರೆ ಪಕ್ಕಕ್ಕೆ ಸರಿದು ನಡೆಯುವ ಮನುಷ್ಯ. ಪಾಪ, ಜೀವಮಾನವೆಲ್ಲ ಬೇರೆಯವರ ಕೆಟ್ಟ ಅಡುಗೆ, ಕೆಟ್ಟ ಹಾಡಿನ ಮುಂದೆ ನಿಂತು "ಭಯಂಕರವಾಗಿ" ಎಂದು ಹೇಳಿ, ಮನೆಗೆ ಹೋಗಿ ಅಳುತ್ತಿದ್ದನಂತೆ. ಈಗ ಹುಡುಗರೆಲ್ಲ ಒಬ್ಬಟ್ಟು ತಿಂದು "ಭಯಂಕರ ಚೆನ್ನಾಗಿದೆ" ಅನ್ನತೊಡಗಿದ್ದರು. ಮುದ್ದಪ್ಪ ಕೆಟ್ಟ ಹಾಡಿನ ಮುಂದೆ ಹೇಳಿದರೆ ಬಿಕ್ಕುತ್ತಿದ್ದ, ಒಳ್ಳೆಯ ಒಬ್ಬಟ್ಟಿನ ಮುಂದೆ ಹೇಳಿದರೆ ಸುಮ್ಮನಿರುತ್ತಿದ್ದ.

ಅರಳಿಕಟ್ಟೆಯಲ್ಲಿ ಸಭೆ ಸೇರಿತು. ಪುಟ್ಟಮಾದಪ್ಪನವರು ಗಂಟಲು ಸರಿಪಡಿಸಿಕೊಂಡು, "ಮಾತು ತಿರುಗಿದ ಮೇಲೆ ಮನೇನೂ ತಿರುಗ್ಬೇಕು. ಅದು ಹಿಂದಿನಿಂದ ಬಂದ ಪದ್ಧತಿ. ಮುದ್ದಪ್ಪ ದೇವೀರಮ್ಮನ ಮನೆಗೆ ಹತ್ಲಿ, ದೇವೀರಮ್ಮ ಮುದ್ದಪ್ಪನ ಮನೆಗೆ ಇಳೀಲಿ" ಎಂದು ತೀರ್ಪು ಕೊಟ್ಟರು.

ಇಳೀಲಿ! ನೋಡಿ ಆ ಮಾತು! ನನ್ನ ಜಗಲಿ, ನಾನು ಸಾರಿಸಿ ಸಾರಿಸಿ ಕನ್ನಡಿಯಂತೆ ಮಾಡಿದ ನೆಲ, ಅತ್ತೆ ಕಣ್ಣು ಮುಚ್ಚಿದ ಕೋಣೆ, ಇದೆಲ್ಲ ಬಿಟ್ಟು ಛೀಮಾರಿ ಬೀದಿಗೆ! ಆದರೆ ನಾನು ಸೋತು ಗೊತ್ತಿಲ್ಲದವಳು. ಥಟ್ಟನೆ ಬಾಯಿಗೆ ಬಂದದ್ದು ಇಷ್ಟು. "ಆಗ್ಲಿ ಯಜಮಾನ್ರೇ. ಆದ್ರೆ ನಮ್ಮ ಕೆಂಚಿ ಕಾವು ಕೂತಿದಾಳೆ. ಕಾವು ಕೂತ ಕೋಳೀನ ಅಲ್ಲಾಡಿಸಿದ್ರೆ ಮೊಟ್ಟೆ ಬಿಟ್ಟು ಎದ್ದುಹೋಗ್ತಾಳೆ, ಅಷ್ಟೂ ಜೀವ ಹಾಳು. ಆ ಪಾಪ ಕಟ್ಟೆಗೆ ಬೇಡ. ಕೋಳಿ ಏಳೋವರೆಗೂ ನಾನೂ ಏಳೋಲ್ಲ."

ಕೂತ ಕೋಳಿಯನ್ನು ಎಬ್ಬಿಸಿ ಎನ್ನಲು ಯಾರಿಗೂ ಬಾಯಿ ಬರಲಿಲ್ಲ.

ಇಳಿಯುವ ಮೊದಲು ಮನೆಯನ್ನಾದರೂ ನೋಡಿ ಬಾ ಎಂದು ನಮ್ಮ ಯಜಮಾನರು ಪೀಡಿಸಿದ್ದಕ್ಕೆ ಒಂದು ಬೆಳಗ್ಗೆ ಮೂಗು ಮುರಿಯುತ್ತಲೇ ಮೆಟ್ಟಿಲು ಇಳಿದೆ. ಛೀಮಾರಿ ಬೀದಿಗೆ ಕಾಲಿಟ್ಟದ್ದು ಅದೇ ಮೊದಲು. ಒಂದು ಬಾಗಿಲಿಗೆ ಒಂದು ಬೆಣೆ ಕಮ್ಮಿ. ಮೊರಗಳ ಅಂಚು ಅರ್ಧಕ್ಕೇ ನಿಂತಿತ್ತು. ಒಂದು ಗೋಡೆಯಲ್ಲಿ ಸರಿಯಾಗಿ ಒಂದು ಇಟ್ಟಿಗೆಯ ತೂತು, ಅದರಲ್ಲಿ ಗುಬ್ಬಿ ಸಂಸಾರ ಹೂಡಿತ್ತು. ಬೇಕಾಬಿಟ್ಟಿ ಮನೆಯ ಮುಂದೆ ಒಣಹಾಕಿದ್ದ ಕೌದಿಯ ಮೂಲೆಯಲ್ಲಿ ದಾರದ ಸಮೇತ ಸೂಜಿ ನೇತಾಡುತ್ತಿತ್ತು. ಥೂ, ಎಂಥಾ ಜನವಪ್ಪ, ಹಿಡಿದ ಕೆಲಸ ಒಂದನ್ನಾದರೂ ಮುಗಿಸಬಾರದೇ ಅಂದುಕೊಂಡೆ.

ಆ ಮನೆಯ ಲಿಂಗಾಜಮ್ಮ ಜಗಲಿಯಲ್ಲಿ ದಾರದ ಉಂಡೆ ಸುತ್ತುತ್ತಿದ್ದಳು. ನನಗಿಂತ ಸ್ವಲ್ಪ ಚಿಕ್ಕವಳು, ಉದ್ದ ಬೆರಳಿನವಳು. ಎದುರಿಗೆ ಮುದ್ದಪ್ಪ ಎರಡು ಕೈಗೂ ದಾರದ ಲಡಿ ಹಾಕಿಕೊಂಡು ಕೂಸಿನಂತೆ ಕೂತಿದ್ದ. ಅವಳು ಹೇಳುತ್ತಿದ್ದಳು, "ನಾಜೂಕಾಗಿ ಹಿಡ್ಕೊ ಮುದ್ದಣ್ಣ, ಸಿಕ್ಕಾಗುತ್ತೆ."

ನನಗೆ ಎಲ್ಲಿಲ್ಲದ ಕೋಪ ಬಂತು. ನಾನು ಬರುವುದನ್ನು ಕಂಡು ಆಡಿಕೊಳ್ಳುತ್ತಿದ್ದಾಳೆ! "ಏನೇ, ನನ್ನ ಮುಂದೇನೇ ಅಣಕಿಸ್ತೀಯಾ? ಬಿದ್ದೋರ ಮೇಲೆ ಒಂದು ಕಲ್ಲು ಅಂತಾ?" ಎಂದು ಜೋರು ಮಾಡಿದೆ.

ಅವಳು ಕಣ್ಣು ಕಣ್ಣು ಬಿಟ್ಟಳು. "ಅಯ್ಯೋ, ನಾನೇನಂದೆ ಅಕ್ಕಾ? ದಾರ ಹಿಡ್ಕೊಳಪ್ಪ ಅಂದೆ ಅಷ್ಟೆ."

"ಗೊತ್ತು ಗೊತ್ತು ನಿಮ್ಮ ಬೀದಿ ಬುದ್ಧಿ" ಎಂದು ತಿರುಗಿ ಮೆಟ್ಟಿಲು ಹತ್ತಿದೆ. ಮನೆಯನ್ನು ನೋಡಲೇ ಇಲ್ಲ. ಹಿಂದಿನಿಂದ ಮುದ್ದಪ್ಪ, ಕೈ ಕಟ್ಟಿಹಾಕಿದಂತಿದ್ದವನು, "ತಾಯಿ, ಒಂದ್ಲೋಟ ಮಜ್ಜಿಗೆನಾದ್ರೂ..." ಅನ್ನುತ್ತಿದ್ದ.

ಅಲ್ಲಿಂದ ನಾನು ಗಟ್ಟಿ ಮನಸ್ಸು ಮಾಡಿಬಿಟ್ಟೆ. ಕೆಂಚಿಯ ಮೊಟ್ಟೆಗಳು ಒಡೆಯುವ ಹೊತ್ತಿಗೆ ಸರಿಯಾಗಿ ಅವನ್ನು ಉಡಿಯಲ್ಲಿ ಕಟ್ಟಿಕೊಂಡು ಹೋಗಿ ಚಲುವಮ್ಮನ ಕಾವು ಕೂತ ಕೋಳಿಯ ಕೆಳಗೆ ಸರಿಸಿದೆ, ಅಲ್ಲಿಂದ ಹೊಸ ಮೊಟ್ಟೆ ತಂದು ಕೆಂಚಿಯ ಕೆಳಗಿಟ್ಟೆ. ಕೆಂಚಿ ಪೆದ್ದಿ, ಮತ್ತೆ ಕೂತಳು. ಚಲುವಮ್ಮ ತನ್ನ ಕೋಳಿ ಇಷ್ಟು ಬೇಗ ಹೇಗೆ ಮರಿ ಮಾಡಿತೆಂದು ಬೀದಿಯೆಲ್ಲ ಹೇಳಿಕೊಂಡು ತಿರುಗಿದಳು. ಮುದ್ದಪ್ಪ ಎರಡು ದಿನಕ್ಕೊಮ್ಮೆ ಮೆಟ್ಟಿಲು ಹತ್ತಿ ಬಂದು, ಬಾಗಿಲಾಚೆ ನಿಂತು, "ಕೋಳಿ ಎದ್ಲಾ ತಾಯಿ?" ಎಂದು ಕೇಳುವನು. "ಇಲ್ಲಪ್ಪ" ಅನ್ನುವೆ. "ಅವಸರ ಇಲ್ಲ, ಅವಸರ ಇಲ್ಲ" ಎಂದು ಇಳಿದುಹೋಗುವನು. ಅವನು ಪಾತ್ರೆ ಪಡಗ, ಹಾಸಿಗೆ ಎಲ್ಲ ಗಂಟು ಕಟ್ಟಿಟ್ಟು, ಆ ಗಂಟುಗಳ ನಡುವೆಯೇ ಅನ್ನ ಬೇಯಿಸಿಕೊಳ್ಳುತ್ತಿದ್ದಾನೆ ಎಂದು ಯಜಮಾನರು ಹೇಳಿದರು. ನಾನು ಕೇಳಿಸಿಕೊಳ್ಳದವಳಂತೆ ರಾಗಿ ಬೀಸಿದೆ.

ಎರಡನೆಯ ಸಲ ಮೊಟ್ಟೆ ಬದಲಿಸುವಾಗ ಯಜಮಾನರ ಕಣ್ಣಿಗೆ ಬಿದ್ದುಬಿಟ್ಟೆ. ಅವರು ನಕ್ಕರು. "ನಾಜೂಕಾಗಿ ದಿನ ತಳ್ತಾ ಇದ್ದೀಯ ಬಿಡೇ!"

"ಏನಂದ್ರೀ? ಈ ಮನೇಲಿ ಹುಟ್ಟಿ, ಈ ಮನೆ ಅನ್ನ ತಿಂದು, ನೀವೂನಾ?"

"ಅಲ್ವೇ, ಮತ್ತಿನ್ನೇನನ್ಲಿ ಇದಕ್ಕೆ?" ಅಂದರು ಅವರು, ನಿಜವಾಗಿಯೂ ತಿಳಿಯದೆ.

ನಾನು ಬಾಯಿ ತೆರೆದೆ. ಬೇರೆ ಮಾತು ನನಗೂ ಸಿಗಲಿಲ್ಲ. ಕೋಪಕ್ಕೆ ಅಳು ಬಂತು, ಅಳುವಿನ ಮಧ್ಯೆ ನಗುವೂ ಬಂತು. ಕೆಂಚಿಯ ಕಡೆ ತಿರುಗಿ ನೋಡಿದೆ. ಕೂತೂ ಕೂತೂ ಬಡವಾಗಿದ್ದಳು. ಜುಟ್ಟು ಬಿಳಿಚಿಕೊಂಡಿತ್ತು, ಕಾಳು ಹಾಕಿದರೂ ಅವಸರದಲ್ಲಿ ನಾಲ್ಕು ಕುಕ್ಕಿ ಮತ್ತೆ ಮೊಟ್ಟೆಯ ಮೇಲೆ ಓಡುತ್ತಿದ್ದಳು. ನನ್ನ ಹಟಕ್ಕೆ ಈ ಮೂಕಪ್ರಾಣಿ ಒಣಗಬೇಕೇ? ಕೆಳಗೆ ಆ ಮುದ್ದಪ್ಪ ಗಂಟುಗಳ ನಡುವೆ ಕೂತಿರಬೇಕೇ? ನನಗೆ ನನ್ನ ಮೇಲೆಯೇ ಸಿಟ್ಟು ಬಂತು. "ನಡೀರಿ, ಹೇಳಿ ಕಟ್ಟೆಯೋರಿಗೆ, ನಾಳೆ ಇಳೀತೀವಿ ಅಂತ. ಆದ್ರೆ ಕೆಂಚಿ ಕೂತಲ್ಲೇ ಕೂತಿರ್ಬೇಕು. ಈ ಮೊಟ್ಟೆ ಮಾತ್ರ ನಾನು ತೆಗೆಯೋಲ್ಲ. ಅವಳು ಅರ್ಧ ದಾರೀಲಿ ಎದ್ರೆ ನಾನು ನಿಂತಲ್ಲೇ ನಿಲ್ತೀನಿ" ಅಂದೆ.

ಮನೆ ಇಳಿಯುವಾಗ ಕೆಳಗಿನ ಬೀದಿಯವರು ಬಂದು ಸಾಮಾನು ಹೊರಬೇಕು, ಅದೂ ಪದ್ಧತಿ. ಮಾರನೆಯ ಬೆಳಗ್ಗೆ ಲಿಂಗಾಜಮ್ಮ ಹತ್ತಾರು ಹೆಂಗಸರನ್ನು ಕಟ್ಟಿಕೊಂಡು ಬಂದಳು. ನಾನು ಅವಳ ಮುಖ ನೋಡಲಿಲ್ಲ. ಹಂಡೆ ಇಳಿಯಿತು, ಕಣಜ ಇಳಿಯಿತು, ಉಪ್ಪಿನಕಾಯಿ ಜಾಡಿಗಳು ಇಳಿದವು, ಯಜಮಾನರ ಮಂಚ ಇಳಿಯಿತು, ಅದರ ಹಿಂದೆ ಯಜಮಾನರು ಇಳಿದರು. ಉಳಿದದ್ದು ಬುಟ್ಟಿಯಲ್ಲಿ ಕಾವು ಕೂತಿದ್ದ ಕೆಂಚಿ.

"ಇವಳನ್ನ ನಾನು ತಗೋತೀನಿ" ಅಂದಳು ಲಿಂಗಾಜಮ್ಮ.

"ಮುಟ್ಟಿದ್ರೆ ಕುಕ್ತಾಳೆ. ನಾನೇ ಮುಟ್ಟೋಕಾಗಲ್ಲ."

ಅವಳು ಬುಟ್ಟಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಗಂಟಲಿನೊಳಗೆ ಅದೇನೋ ಗುನುಗುತ್ತಾ, ಕೆಂಚಿ ಉಸಿರಾಡುವ ಗತಿಗೆ ತಾನೂ ಉಸಿರಾಡುತ್ತಾ ಸ್ವಲ್ಪ ಹೊತ್ತು ಇದ್ದಳು. ಆಮೇಲೆ ಬುಟ್ಟಿಯ ಕೆಳಗೆ ಎರಡೂ ಅಂಗೈ ತೂರಿಸಿದಳು. ಬುಟ್ಟಿ ನೆಲ ಬಿಟ್ಟದ್ದು ನನಗೇ ಕಾಣಲಿಲ್ಲ. ಎದ್ದಳು. ಹೊಸಿಲು ದಾಟಿದಳು. ಕಲ್ಲುಮೆಟ್ಟಿಲುಗಳು ಸವೆದು ವಾರೆಯಾಗಿವೆ, ಬರಿಗೈಯಲ್ಲಿ ಇಳಿಯುವವರೇ ಎಡವುತ್ತಾರೆ. ಅವಳು ಒಂದೊಂದು ಹೆಜ್ಜೆಯನ್ನೂ ಪಾದದಿಂದ ತಡವಿ, ಮೊಣಕಾಲು ಬಾಗಿಸಿ, ಬುಟ್ಟಿಯನ್ನು ಮಾತ್ರ ನೀರಿನ ಮಟ್ಟದ ಹಾಗೆ ಹಿಡಿದು ಇಳಿದಳು. ಇಡೀ ಮೆರವಣಿಗೆ ಉಸಿರು ಬಿಗಿಹಿಡಿದು ಹಿಂದೆ. ನಡುವೆ ಒಂದು ನಾಯಿ ಬೊಗಳಿತು. ಕೆಂಚಿ ಒಂದು ಕಣ್ಣು ತೆರೆದಳು. ಲಿಂಗಾಜಮ್ಮ ನಿಂತಳು, ಗುನುಗಿದಳು. ಕೆಂಚಿ ಕಣ್ಣು ಮುಚ್ಚಿಕೊಂಡಳು. ಮುದ್ದಪ್ಪನ ಮನೆಯ ಒಲೆಯ ಪಕ್ಕದ ಬೆಚ್ಚನೆಯ ಮೂಲೆಯಲ್ಲಿ ಬುಟ್ಟಿ ಕೂತಾಗ ಕೆಂಚಿ ತೂಕಡಿಸುತ್ತಿದ್ದಳು. ಒಂದು ಮೊಟ್ಟೆಯೂ ಅಲ್ಲಾಡಿರಲಿಲ್ಲ.

ನನಗೆ ಕಣ್ಣು ತುಂಬಿ ಬಂತು. ಇಂಥ ಕೈಯನ್ನು ನಾನು ಇಷ್ಟು ವರ್ಷ ಎಲ್ಲೆಲ್ಲೋ ಹುಡುಕಿಕೊಂಡು ಊರೆಲ್ಲ ತಿರುಗಿದ್ದೆ. ನನಗೆ ಅರಿವಿಲ್ಲದೆಯೇ ಬಾಯಿಂದ ಬಂದುಬಿಟ್ಟಿತು. "ಎಷ್ಟು ನಾಜೂಕಾಗಿ ಇಳಿಸಿಬಿಟ್ಟೆಯಲ್ಲೇ ತಾಯಿ!"

ಅಯ್ಯೋ! ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಯಜಮಾನರು ಅಭ್ಯಾಸ ಬಲದಿಂದ ನೀರಿನ ಚೊಂಬು ಹಿಡಿದು ಓಡಿ ಬಂದರು, ಅರ್ಧ ದಾರಿಯಲ್ಲೇ ಚೆಲ್ಲಿಕೊಂಡರು. ಮೆರವಣಿಗೆಯ ಹಿಂದೆ ಬಂದಿದ್ದ ಪುಟ್ಟಮಾದಪ್ಪನವರು ಕಿವಿ ಮುಂದೆ ಮಾಡಿದರು. ಎಲ್ಲರೂ ಕಾದರು. ನಾನೂ ಕಾದೆ.

ಬಿಕ್ಕಳಿಕೆ ಬರಲಿಲ್ಲ.

ನಾನು ಮೆಲ್ಲಗೆ ಸೆರಗು ತೆಗೆದೆ. ಗಂಟಲು ಮುಟ್ಟಿ ನೋಡಿಕೊಂಡೆ. ಎದ್ದು ನಿಂತು, ಅತ್ತೆ ಕಲಿಸಿದ ಹಾಗೆ, ಎಲ್ಲರಿಗೂ ಕೇಳುವಂತೆ ಇನ್ನೊಮ್ಮೆ ಹೇಳಿದೆ. "ಲಿಂಗಾಜಮ್ಮ ಈ ಕೋಳಿಯನ್ನು ನಾಜೂಕಾಗಿ ಇಳಿಸಿದ್ದಾಳೆ."

ಇಲ್ಲ, ಏನೂ ಇಲ್ಲ. ಗಂಟಲು ಎಳನೀರು ಕುಡಿದಷ್ಟು ತಣ್ಣಗಿತ್ತು.

"ಲಿಂಗಾಜಿ," ಅಂದೆ, "ಅವತ್ತು ದಾರ ಸುತ್ತೋವಾಗ ಮುದ್ದಪ್ಪನಿಗೆ ಅಂದ್ಯಲ್ಲ, ಅದು ಅಣಕ ಅಲ್ವಾ?"

"ಅಣಕ ಯಾಕಕ್ಕಾ? ನಮ್ಮವ್ವ ಹಂಗೇ ಹೇಳ್ತಿದ್ಲು. ಕೂಸಿಗೆ ನೀರು ಹಾಕೋವಾಗ, ದಾರ ಸುತ್ತೋವಾಗ, ಮುಳ್ಳು ತೆಗೆಯೋವಾಗ. ನಾಜೂಕಾಗಿ ಅವ್ವ, ನಾಜೂಕಾಗಿ ಅಂತ. ನೀವು ಮೇಲ್ನೋರು ಈ ಕಡೆ ಬರೋದಿಲ್ವಲ್ಲ. ಅದಕ್ಕೆ ಮನೆ ಒಳಗೆ ನಮ್ಮ ಕೆಲಸಕ್ಕೆ ನಾವೇ ಹೇಳ್ಕೋತಿದ್ವಿ." ಅವಳು ಅಳುಕಿದಳು. "ತಪ್ಪಾಯ್ತಾ ಅಕ್ಕಾ? ನಾವೇ ಹೇಳ್ಕೊಂಡ್ರೆ ಕೊನೇ ಗಂಟು ಹಾಕೋ ಹಂಗಿಲ್ಲ ಅಂತ ಗೊತ್ತು. ಹಾಕಿಲ್ಲ. ಯಾರೂ ಹಾಕಿಲ್ಲ."

ಆಗ ನನ್ನ ಕಣ್ಣು ತೆರೆಯಿತು. ಬಾಗಿಲಿಗೆ ಇಲ್ಲದ ಬೆಣೆ, ಅಂಚಿಲ್ಲದ ಮೊರ, ಇಟ್ಟಿಗೆಯ ತೂತು, ನೇತಾಡುವ ಸೂಜಿ. ಇವರು ಕೆಲಸ ಮುಗಿಸದ ಜನರಲ್ಲ. ಇವರ ಬಾಗಿಲಿಗೆ ಬಂದು ಹೇಳುವವರೇ ಇರಲಿಲ್ಲ. ನಾವು ಮೇಲೆ ಕೂತು ಬರೀ ಕಳ್ಳರಿಗೆ, ಜಾರಿಕೊಳ್ಳುವವರಿಗೆ ಅಂದೂ ಅಂದೂ ಹುಳಿ ಮಾಡಿಟ್ಟ ಮಾತನ್ನು, ಇವರು ಕೂಸಿನ ಸ್ನಾನದ ನೀರಿನಲ್ಲಿ, ದಾರದ ಉಂಡೆಯಲ್ಲಿ ಇಟ್ಟುಕೊಂಡು ಸಾಕಿದ್ದರು.

ನಾನು ಹೊರಗೆ ಅಂಗಳಕ್ಕೆ ಬಂದು, "ಆ ಕೌದಿ ತಾ" ಅಂದೆ.

ಅವಳು ಓಡಿಹೋಗಿ ತಂದು ನನ್ನ ಮುಂದೆ ಹಾಸಿದಳು. ಹಳೆಯ ಸೀರೆಗಳ ತುಂಡುಗಳಲ್ಲಿ ಗಿಳಿಗಳು, ನಡುವೆ ಒಂದು ಅರಿಸಿನದ ಬಣ್ಣದ ಸೂರ್ಯ, ಹೊಲಿಗೆ ಇರುವೆ ಸಾಲಿನಂತೆ ಒಂದರ ಹಿಂದೊಂದು. "ಮಗಳು ಹೊಟ್ಟೇಲಿದ್ದಾಗ ಹೊಲಿದಿದ್ದು. ಈಗ ಆ ಮಗಳಿಗೇ ಮಗಳು ಬಂದ್ಲು. ಹೊದ್ದುಕೊಳ್ಳೋಕೆ ಮನಸ್ಸು ಬರ್ಲಿಲ್ಲ, ಮುಗೀಲಿಲ್ವಲ್ಲ ಅಂತ. ವರ್ಷಕ್ಕೊಂದ್ಸಾರಿ ಬಿಸಿಲಿಗೆ ಹಾಕ್ತೀನಿ" ಎಂದಳು. ಮೂಲೆಯ ಸೂಜಿ ತುಕ್ಕು ಹಿಡಿದಿತ್ತು. ನಾನು ಕೌದಿಯ ಮೇಲೆ ಕೈಯಾಡಿಸಿ ನಮ್ಮ ಮನೆಯ ಮಾತು ಹೇಳಿದೆ. ಬಿಕ್ಕಳಿಕೆ ಸುಳಿಯಲಿಲ್ಲ. "ಹಾಕು ಲಿಂಗಾಜಿ, ಗಂಟು."

ಅವಳು ಸೂಜಿ ಹಿಡಿದಳು. ಬೆವರಿದಳು. ಸುತ್ತ ನಿಂತವರನ್ನು ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿ, "ಅಕ್ಕಾ, ಕೊನೇ ಗಂಟು ಹೆಂಗ್ ಹಾಕ್ತಾರೆ? ನಾನು ಯಾವತ್ತೂ ಹಾಕಿಲ್ಲ" ಅಂದಳು.

ಕೊನೆಯ ಗಂಟು ಬೇರೆ ಥರದ್ದು. ದಾರವನ್ನು ಸೂಜಿಗೆ ಸುತ್ತಿ, ಬಟ್ಟೆಯ ಒಳಗೆ ಎಳೆದು ಅಡಗಿಸಬೇಕು, ಮೇಲೆ ಕಾಣಬಾರದು. ಮೆಟ್ಟಿಲಿನ ಮೇಲಿರುವ ನಮಗೆಲ್ಲ ಎಳವೆಯಲ್ಲೇ ಬರುತ್ತದೆ. ಸಾವಿರ ಗಂಟು ಹಾಕಿದ್ದ ಆ ಬೆರಳುಗಳಿಗೆ ಅದೊಂದು ಗೊತ್ತಿರಲಿಲ್ಲ. ನಾನು ನಾಚಿಕೆ ಬಿಟ್ಟು ಗೊಳೋ ಎಂದು ಅತ್ತೆ. ಅಳುತ್ತಲೇ ಅವಳ ಕೈಯ ಮೇಲೆ ಕೈಯಿಟ್ಟು, ಹೀಗೆ ಸುತ್ತು, ಹೀಗೆ ಎಳೆ, ಇನ್ನು ಹಲ್ಲಲ್ಲಿ ಕಚ್ಚು, ಎಂದು ತೋರಿಸಿದೆ. ಅವಳು ದಾರ ಕಚ್ಚಿದಳು. ಸೂಜಿ ಅವಳ ಕೈಗೆ ಬಂತು. ಅವಳು ಆ ಸೂಜಿಯನ್ನೇ ನೋಡುತ್ತಾ ಕೂತಳು, ಆಮೇಲೆ ನಕ್ಕಳು, ಆಮೇಲೆ ಕೌದಿಯನ್ನು ಎತ್ತಿ ನನ್ನನ್ನೂ ಸೇರಿಸಿ ಹೊದ್ದುಕೊಂಡುಬಿಟ್ಟಳು, ಆ ಸುಡುಬಿಸಿಲಲ್ಲಿ!

ಬೀದಿಗೆ ಬೀದಿಯೇ ಮನೆಗಳಿಗೆ ಓಡಿತು. ಮೊರ, ಚಾಪೆ, ಬುಟ್ಟಿ, ಕುಲಾವಿ, ಕಳಚಿ ತಂದ ಬಾಗಿಲು. "ಅಕ್ಕಾ ನಂದು", "ತಾಯಿ ನಂದೊಂದು", "ನಾನು ಮೊದ್ಲು ಬಂದೆ ಕಣೇ, ತಳ್ಬೇಡ." ಎಲ್ಲದಕ್ಕೂ ನನ್ನ ಮಾತು ಸಲ್ಲಲಿಲ್ಲ. ಅಡ್ಡಾದಿಡ್ಡಿ ಮನೆಯವನ ಸ್ಟೂಲು ನಿಜವಾಗಿಯೂ ಅಡ್ಡಾದಿಡ್ಡಿಯಾಗಿತ್ತು, ಅದನ್ನು ಅವನೇ ಒಪ್ಪಿಕೊಂಡು ಹೇಳಿದ. ಮುದ್ದಪ್ಪ ಯಾರದೋ ಮನೆಯ ಕಜ್ಜಾಯ ತಿಂದು, ಜೀವಮಾನದಲ್ಲಿ ಮೊದಲ ಸಲ ನಗುತ್ತಾ, "ಭಯಂಕರವಾಗಿ!" ಎಂದು ಕೂಗಿದ. ಗೋಡೆಯವನು ಮಾತ್ರ ಇಟ್ಟಿಗೆ ಹಿಡಿದು ಯೋಚಿಸುತ್ತಾ ನಿಂತ. ಗುಬ್ಬಿಗಳು ಹಾರಿಹೋಗುವವರೆಗೂ ಇರಲಿ ಎಂದು ಇಟ್ಟಿಗೆಯನ್ನು ಜಗಲಿಯ ಮೇಲಿಟ್ಟ.

ಇಷ್ಟೆಲ್ಲ ಆಗುವಾಗ ಪುಟ್ಟಮಾದಪ್ಪನವರು ನನ್ನ ಪಕ್ಕಕ್ಕೆ ಬಂದು ಗಂಟಲು ಸರಿಪಡಿಸಿಕೊಂಡರು. "ದೇವೀರಮ್ಮ, ಮಾತು ಕೆಟ್ಟಿಲ್ಲ ಅಂತ ಆಯ್ತಲ್ಲ. ಕೆಟ್ಟಿರೋದು ನಮ್ಮ ಮೇಲಿನ ಬಾಯಿ. ಮುದ್ದಪ್ಪನಿಗೆ ಬೇರೆ ಮನೆ ನೋಡೋಣ. ಸಾಮಾನು ಮತ್ತೆ ಹತ್ತಿಸ್ಲಾ? ಮೇಲಕ್ಕೆ ಬಂದುಬಿಡಿ ತಾಯಿ."

ನಾನು ಮೇಲೆ ನೋಡಿದೆ. ನನ್ನ ಜಗಲಿ ಕಾಣುತ್ತಿತ್ತು. ಅದು ಚಂದವೇ, ಇಲ್ಲವೆನ್ನುವುದಿಲ್ಲ. ಒಳಗೆ ನೋಡಿದೆ. ಒಲೆಯ ಪಕ್ಕ ಕೆಂಚಿ ಗರಿ ಉಬ್ಬಿಸಿಕೊಂಡು ಕೂತಿದ್ದಳು. ಹೊರಗೆ ಸಾಲು ಮುಂದಿನ ತಿರುವಿನವರೆಗೂ ಬೆಳೆದಿತ್ತು.

"ಬರ್ತಿದ್ದೆ ಯಜಮಾನ್ರೇ. ಆದ್ರೆ ಏನ್ಮಾಡ್ಲಿ, ಕೋಳಿ ಕಾವು ಕೂತಿದೆಯಲ್ಲ! ಅದು ಏಳೋವರೆಗೂ ನಾನೂ ಏಳೋಲ್ಲ."

ಅವರು ನನ್ನನ್ನು ನೋಡಿದರು, ಲಿಂಗಾಜಿಯನ್ನು ನೋಡಿದರು, ನಕ್ಕು ಮೆಟ್ಟಿಲು ಹತ್ತಿದರು. ಕೆಂಚಿ ಆಮೇಲೆ ಎದ್ದಳು, ಅವಳ ಮರಿಗಳು ದೊಡ್ಡವಾಗಿ ಬೀದಿಯ ಮನೆಮನೆಯಲ್ಲೂ ಮೊಟ್ಟೆಯಿಟ್ಟವು. ಪುಟ್ಟಮಾದಪ್ಪನವರು ಈಗಲೂ ಆಗಾಗ ಇಳಿದು ಬಂದು, ಮಜ್ಜಿಗೆ ಕುಡಿದು, ಕೋಳಿ ಎದ್ದಿತೇ ಎಂದು ಕೇಳಿ ಹೋಗುತ್ತಾರೆ. ನಾನು ಸುಳ್ಳು ಹೇಳುವುದಿಲ್ಲ. ಈ ಬೀದಿಯಲ್ಲಿ ಯಾವಾಗಲೂ ಒಂದಲ್ಲ ಒಂದು ಕೋಳಿ ಕಾವು ಕೂತೇ ಇರುತ್ತದೆ.